ಸನ್ಯಾಸಿ ಏಡಿಯ ಆಯುಷ್ಯ

ಪ್ರಾಣಿಗಳ ಆಯುಷ್ಯವನ್ನು ಕುರಿತು ಮಕ್ಕಳಿಗಿರುವಷ್ಟು ಕುತೂಹಲ ದೊಡ್ಡವರಿಗಿರುವುದಿಲ್ಲ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನಾನು ಇದನ್ನು ಚೆನ್ನಾಗಿ ಬಲ್ಲೆ. ಜೀವಶಾಸ್ತ್ರದ ಯಾವ ಪಾಠವನ್ನೇ ಆರಂಭಿಸಲಿ, ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತಿತ್ತು. "ಸಾರ್, ಅದು ಎಷ್ಟು ವರ್ಷ ಬದುಕುತ್ತೆ?" ಆನೆ ಅರುವತ್ತು ಎಪ್ಪತ್ತು, ನಾಯಿ ಹನ್ನೆರಡು ಹದಿನೈದು, ಆಮೆ ನೂರನ್ನೂ ದಾಟಬಲ್ಲದು ಎಂದು ನಾನು ಹೇಳುತ್ತಿದ್ದಂತೆಯೇ ಆ ಅಂಕಿಗಳು ಟಿಪ್ಪಣಿ ಪುಸ್ತಕಕ್ಕೆ ಇಳಿದುಬಿಡುತ್ತಿದ್ದವು. "ಕಾಡಿನಲ್ಲೋ, ಮನುಷ್ಯರ ಕೈಯಲ್ಲೋ?" ಎಂದು ಮರುಪ್ರಶ್ನೆ ಹಾಕಿದವರು ವಿರಳ. ಆ ಮರುಪ್ರಶ್ನೆಗೆ ಎಷ್ಟು ತೂಕವಿದೆಯೆಂಬುದು ನನಗೆ ಪೂರ್ತಿಯಾಗಿ ಮನದಟ್ಟಾದದ್ದು ನಿವೃತ್ತಿಯ ಮರುವರ್ಷ, ಅಂಗೈಯಲ್ಲಿ ಹಿಡಿಸುವ ಒಂದು ಏಡಿಯಿಂದ.

1996ರ ತಂಡದ ನನ್ನ ಶಿಷ್ಯರಿಗೆ ಗೋಕರ್ಣದ ಪ್ರವಾಸ ನೆನಪಿರಬಹುದು. ಮರಳಿನಲ್ಲಿ ಆಯ್ದ ಶಂಖಗಳನ್ನೆಲ್ಲ ನೀವು ಒಂದು ಟವೆಲಿನ ಮೇಲೆ ಹರಡಿದ್ದಿರಿ. ಅವುಗಳಲ್ಲಿ ಒಂದು ತಾನಾಗಿಯೇ ನಡೆಯತೊಡಗಿದಾಗ ಹುಡುಗಿಯರು ಕಿರುಚಿ ಹಿಂದೆ ಸರಿದರು, ಹುಡುಗರು ಮುಂದೆ ಬಾಗಿದರು. ಆ ಶಂಖದೊಳಗೆ ಇದ್ದುದು ಸನ್ಯಾಸಿ ಏಡಿ. ಉಳಿದ ಏಡಿಗಳಂತೆ ಇದರ ಮೈಯೆಲ್ಲ ಗಟ್ಟಿಯಲ್ಲ. ಎದೆಯ ಭಾಗಕ್ಕೆ ಹೊರಕವಚವಿದೆಯಾದರೂ ಉದರಭಾಗ ಮೆತ್ತಗಿದ್ದು, ಶಂಖದ ಸುರುಳಿಗೆ ಹೊಂದುವಂತೆ ಒಂದು ಬದಿಗೆ ತಿರುಚಿಕೊಂಡಿರುತ್ತದೆ. ಸತ್ತ ಬಸವನಹುಳುವಿನ ಖಾಲಿ ಶಂಖವೇ ಇದಕ್ಕೆ ಮನೆ. ಮೈ ಬೆಳೆದಂತೆ ಮನೆ ಇಕ್ಕಟ್ಟಾಗುತ್ತದೆ, ಆಗ ದೊಡ್ಡ ಶಂಖವನ್ನು ಹುಡುಕಿ ಅದರೊಳಗೆ ಸೇರುತ್ತದೆ. ನಮ್ಮ ಕಡಲತೀರಗಳಲ್ಲಿ ಕಾಣುವ ಇಂಥ ಏಡಿಗಳ ಒಂದು ಕುಲಕ್ಕೆ ವಿಜ್ಞಾನಿಗಳು ಡಯೋಜಿನಿಸ್ ಎಂದೇ ಹೆಸರಿಟ್ಟಿದ್ದಾರೆ. ಮನೆಮಠ ಬಿಟ್ಟು ದೊಡ್ಡ ಮಣ್ಣಿನ ಹಂಡೆಯೊಂದರಲ್ಲಿ ವಾಸಿಸುತ್ತಿದ್ದನೆಂದು ಹೇಳಲಾಗುವ ಗ್ರೀಕ್ ತತ್ತ್ವಜ್ಞಾನಿಯ ಹೆಸರದು. ಬಸ್ಸು ಹೊರಡುವ ಮೊದಲು ಆ ನಡೆಯುವ ಶಂಖವನ್ನು ನೀವೇ ನೀರಿನ ಅಂಚಿಗೆ ಬಿಟ್ಟು ಬಂದಿರಿ.

ಅದಾಗಿ ಇಪ್ಪತ್ತಮೂರು ವರ್ಷಗಳ ನಂತರ, 2019ರ ಜೂನ್ ತಿಂಗಳಿನಲ್ಲಿ ನಾನೂ ನನ್ನಾಕೆಯೂ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಹೋದೆವು. ಅಲ್ಲಿನ ಕಡಲತೀರದ ಊರುಗಳಲ್ಲಿ ಮರದ ಹಲಗೆ ಹಾಸಿದ ಉದ್ದನೆಯ ನಡೆದಾರಿಗಳಿವೆ. ಬೋರ್ಡ್‌ವಾಕ್ ಎನ್ನುತ್ತಾರೆ. ಜಾತ್ರೆಯ ಬೀದಿಯಂತೆ ಎರಡೂ ಕಡೆ ಅಂಗಡಿಗಳು, ತಿಂಡಿ, ತಿರುಗುವ ತೊಟ್ಟಿಲು. ಅಂಥದೊಂದು ಅಂಗಡಿಯ ಮುಂದೆ ತಂತಿಯ ಪಂಜರದಲ್ಲಿ ನೂರಾರು ಸನ್ಯಾಸಿ ಏಡಿಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಶಂಖಗಳಿಗೆ ಕೆಂಪು, ನೀಲಿ, ಹಳದಿ ಬಣ್ಣ ಬಳಿದು, ಕೆಲವಕ್ಕೆ ಕಾಲ್ಚೆಂಡಿನ ಚಿತ್ರವನ್ನೂ ಬರೆದಿದ್ದರು. ಒಂಬತ್ತು ವರ್ಷದ ಮೊಮ್ಮಗಳು ಎರಡನ್ನು ಆರಿಸಿಕೊಂಡಳು. ಗುಂಡ, ಪುಟ್ಟಿ ಎಂಬ ಹೆಸರುಗಳನ್ನು ಕಾರಿನಲ್ಲಿಯೇ ಇಟ್ಟಾಯಿತು. ಗುಂಡನ ಬಲಗಡೆಯ ಒಂದು ನಡೆಗಾಲು ಆಗಲೇ ಮುರಿದುಹೋಗಿತ್ತು. ಏಡಿಗಳ ಜೊತೆ ಒಂದು ಪುಟ್ಟ ತಂತಿಯ ಪಂಜರ, ಬಣ್ಣದ ಕಲ್ಲಿನ ಹರಳು, ಒಂದು ತುಂಡು ಸ್ಪಂಜು ಕೊಟ್ಟು, "ಇವಕ್ಕೆ ಆರೈಕೆಯೇ ಬೇಕಾಗಿಲ್ಲ" ಎಂದು ಅಂಗಡಿಯ ಹುಡುಗ ಹೇಳಿ ಕಳುಹಿಸಿದ.

ಆರು ವಾರಗಳಲ್ಲಿ ಪುಟ್ಟಿ ಸತ್ತಿತು. ಮೊಮ್ಮಗಳು ಅಳಲಿಲ್ಲ. ನನ್ನ ಬಳಿ ಬಂದು, "ಅಜ್ಜ, ಇವು ಎಷ್ಟು ದಿನ ಬದುಕುತ್ತವೆ?" ಎಂದು ಕೇಳಿದಳು. ವರ್ಷ ಎನ್ನದೆ ದಿನ ಎಂದಿದ್ದಳು. ನಾವಿಬ್ಬರೂ ಅಲ್ಲಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತಂದು ಓದಿದೆವು.

ಅಮೆರಿಕದಲ್ಲಿ ಹೀಗೆ ಮಾರಾಟವಾಗುವ ಏಡಿ ಹೆಚ್ಚಾಗಿ ಸೀನೊಬೀಟ ಕ್ಲಿಪಿಯೇಟಸ್ ಎಂಬ ಜಾತಿಯದು, ಕೆರಿಬಿಯನ್ ದ್ವೀಪಗಳ ಕಡೆಯದು. ಇದು ನೆಲದ ಮೇಲೆ ಬದುಕುವ ಏಡಿ. ಮೊಟ್ಟೆಗಳನ್ನು ಬಿಡಲು ಮಾತ್ರ ಹೆಣ್ಣು ಕಡಲಿನ ಅಂಚಿಗೆ ಹೋಗುತ್ತದೆ. ಮರಿಗಳು ಕಡಲಿನಲ್ಲಿ ತೇಲುತ್ತ ಹಲವು ಹಂತಗಳನ್ನು ದಾಟಿ, ಪುಟ್ಟದೊಂದು ಶಂಖವನ್ನು ಹೊಕ್ಕು ದಡಕ್ಕೆ ಬರುತ್ತವೆ. ಈ ಕಾರಣದಿಂದ ಇವುಗಳನ್ನು ಮನೆಯಲ್ಲಿ ಮರಿಮಾಡಿಸುವುದು ಬಹಳ ಕಷ್ಟ. ಕೆಲವೇ ಹವ್ಯಾಸಿಗಳು ಸಾಧಿಸಿದ್ದಾರೆ. ಅಂಗಡಿಗೆ ಬರುವ ಏಡಿಗಳು ದ್ವೀಪಗಳ ತೀರದಿಂದ ಹಿಡಿದು ತಂದವೇ ಆಗಿರುತ್ತವೆ. ಪಂಜರ ಸೇರುವ ಹೊತ್ತಿಗೇ ಅವುಗಳಿಗೆ ಹಲವು ವರ್ಷಗಳ ವಯಸ್ಸಾಗಿರಬಹುದು.

ನೆಲವಾಸಿಯಾದರೂ ಇದು ಉಸಿರಾಡುವುದು ಮಾರ್ಪಾಡಾದ ಕಿವಿರುಗಳಿಂದ. ಅವು ಸದಾ ತೇವವಾಗಿರಬೇಕು. ಗಾಳಿಯಲ್ಲಿ ಶೇಕಡ 75ರಿಂದ 80ರಷ್ಟು ತೇವಾಂಶವಿದ್ದರೆ ಏಡಿ ನೆಮ್ಮದಿಯಾಗಿರುತ್ತದೆ. ಗಾಳಿ ಒಣಗಿದರೆ ಕಿವಿರು ಒಣಗಿ, ದಿನಗಟ್ಟಲೆ, ವಾರಗಟ್ಟಲೆ ಮೆಲ್ಲಮೆಲ್ಲನೆ ಉಸಿರು ಕಟ್ಟುತ್ತದೆ. ತಂತಿಯ ಪಂಜರದಲ್ಲಿ ತೇವ ನಿಲ್ಲುವುದಾದರೂ ಹೇಗೆ? ನೀರಿನಿಂದ ಹೊರಗೆ ಬಿದ್ದ ಮೀನಿನ ಸಂಕಟ ನಮಗೆ ಕಣ್ಣಿಗೆ ಕಾಣುತ್ತದೆ. ಶಂಖದೊಳಗೆ ಮುದುಡಿಕೊಂಡ ಏಡಿಯ ಸಂಕಟ ಕಾಣುವುದಿಲ್ಲ, "ಅದು ಸುಮ್ಮನಿರುವ ಪ್ರಾಣಿ" ಎಂದುಕೊಳ್ಳುತ್ತೇವೆ.

ಇನ್ನೊಂದು ಸಂಗತಿ ಪೊರೆ ಕಳಚುವುದು. ಸಂಧಿಪದಿಗಳ ಪಾಠದಲ್ಲಿ ನೀವು ಓದಿದ್ದೀರಿ: ಹೊರಕವಚ ಹಿಗ್ಗುವುದಿಲ್ಲ, ಆದುದರಿಂದ ಬೆಳೆಯಬೇಕಾದರೆ ಹಳೆಯದನ್ನು ಕಳಚಿ ಹೊಸದನ್ನು ಪಡೆಯಬೇಕು. ನೆಲದ ಸನ್ಯಾಸಿ ಏಡಿ ಈ ಕಾರ್ಯಕ್ಕೆ ಮರಳಿನೊಳಗೆ ಹೂತುಕೊಳ್ಳುತ್ತದೆ. ಕತ್ತಲಲ್ಲಿ ಕವಚ ಕಳಚಿ, ಅದನ್ನೇ ತಿಂದು ಅದರಲ್ಲಿರುವ ಸುಣ್ಣದ ಅಂಶವನ್ನು ಮರಳಿ ಪಡೆದು, ಹೊಸ ಕವಚ ಗಟ್ಟಿಯಾದ ಮೇಲೆಯೇ ಹೊರಗೆ ಬರುತ್ತದೆ. ಸಣ್ಣ ಏಡಿಗೆ ಕೆಲವು ವಾರಗಳು ಸಾಕು, ದೊಡ್ಡದಕ್ಕೆ ಎರಡು ತಿಂಗಳು ಅಥವಾ ಇನ್ನೂ ಹೆಚ್ಚು ಬೇಕಾಗುತ್ತದೆ. ಒಂದಂಗುಲ ಬಣ್ಣದ ಹರಳಿನಲ್ಲಿ ಹೂತುಕೊಳ್ಳುವುದು ಸಾಧ್ಯವೇ ಇಲ್ಲ.

ಇಷ್ಟನ್ನು ಓದಿದ ಮೇಲೆ ಮೊಮ್ಮಗಳು ಪಟ್ಟು ಹಿಡಿದಳು. "ಅಪ್ಪಾ, ಎಂಟು ಡಾಲರಿನ ಏಡಿಗೆ ನೂರು ಡಾಲರಿನ ಮನೆಯೇ?" ಎಂದು ಮಗ ನನ್ನ ಮುಖ ನೋಡಿದ. ಆದರೂ ಮುಚ್ಚಳವಿರುವ ಗಾಜಿನ ತೊಟ್ಟಿಯನ್ನು ತಂದುಕೊಟ್ಟ. ಅದರಲ್ಲಿ ಆರೇಳು ಅಂಗುಲ ಮರಳು ತುಂಬಿದೆವು. ಎಷ್ಟು ಒದ್ದೆ ಮಾಡಬೇಕೆಂಬ ಪ್ರಶ್ನೆ ಬಂದಾಗ ನನ್ನಾಕೆ, ಪಾದದ ಮೇಲೆ ಮರಳು ತಟ್ಟಿ ಗುಬ್ಬಿಗೂಡು ಕಟ್ಟುತ್ತೇವಲ್ಲ, ಅಷ್ಟು ಎಂದಳು. ಪುಸ್ತಕದಲ್ಲಿದ್ದುದೂ ಅದೇ ಅಳತೆ. ಕ್ಲೋರಿನ್ ತೆಗೆದ ಸಿಹಿನೀರಿನ ಬಟ್ಟಲು ಒಂದು, ಕಡಲ ಉಪ್ಪು ಬೆರೆಸಿದ ನೀರಿನದು ಇನ್ನೊಂದು. ಬಣ್ಣ ಬಳಿಯದ ನಾಲ್ಕಾರು ಖಾಲಿ ಶಂಖಗಳು. ತಿನ್ನಲು ತೆಂಗಿನಕಾಯಿಯ ಚೂರು, ಹಣ್ಣು, ಒಣಗಿದ ಎಲೆ. ಮೂರನೆಯ ದಿನ ಗುಂಡ ತನ್ನ ಕಾಲ್ಚೆಂಡಿನ ಶಂಖವನ್ನು ಬಿಟ್ಟು, ಕಂದುಬಣ್ಣದ ಸಾದಾ ಶಂಖವೊಂದನ್ನು ಹೊಕ್ಕಿತ್ತು.

ಅಕ್ಟೋಬರ್ 8, ವಿಜಯದಶಮಿಯ ದಿನ ಗುಂಡ ಕಾಣೆಯಾಯಿತು. ತೊಟ್ಟಿಯ ಮೂಲೆಯಲ್ಲಿ ಮರಳು ಸ್ವಲ್ಪ ಕದಡಿದ್ದನ್ನು ಬಿಟ್ಟರೆ ಬೇರೆ ಗುರುತಿರಲಿಲ್ಲ. ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ಆ ತಿಂಗಳ 27ಕ್ಕೆ ದೀಪಾವಳಿ, ಮನೆಗೆ ಹತ್ತಿಪ್ಪತ್ತು ಮಂದಿ ಬರುವವರಿದ್ದರು. ಸೊಸೆ ಮನೆ ಶುಚಿ ಮಾಡುತ್ತ ಆ ತೊಟ್ಟಿಯ ಮುಂದೆ ನಿಂತಳು. "ಮಾವ, ಅದು ಸತ್ತಿರಬೇಕು. ಮರಳನ್ನು ಹೊರಗೆ ಸುರಿದುಬಿಡೋಣವೇ? ಮಗುವಿಗೆ ನಾನು ಸಮಾಧಾನ ಹೇಳುತ್ತೇನೆ" ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮಗು ಶಾಲೆಯಿಂದ ಬರುವುದರೊಳಗೆ ಕಹಿ ಕೆಲಸ ಮುಗಿದುಹೋಗಲಿ ಎಂಬ ತಾಯಿಯ ಕಾಳಜಿ ಅದು.

ನಾನು ಮುಚ್ಚಳ ತೆರೆದು ಮೂಸಿ ನೋಡಿದೆ. ಸತ್ತ ಏಡಿ ಕೊಳೆತ ಮೀನಿನಂತೆ ನಾರುತ್ತದೆ, ಮನೆಯವರಿಗೆಲ್ಲ ತಿಳಿಯುವಷ್ಟು. ಇಲ್ಲಿ ಒದ್ದೆ ಮರಳಿನ ವಾಸನೆಯ ಹೊರತು ಬೇರೇನೂ ಇರಲಿಲ್ಲ. ಪೊರೆ ಕಳಚುವ ಏಡಿಯನ್ನು ಅಗೆದು ತೆಗೆದರೆ ಆ ಮೆತ್ತಗಿನ ಮೈ ಗಾಯಗೊಂಡು ನಿಜವಾಗಿಯೂ ಸಾಯುತ್ತದೆ. ಕಳಚಿದ ಕವಚವನ್ನೇ ಸತ್ತ ಏಡಿಯೆಂದು ಭ್ರಮಿಸಿ, ಜೀವವಿರುವ ಪ್ರಾಣಿಯನ್ನು ಕಸದ ಬುಟ್ಟಿಗೆ ಹಾಕುವವರೂ ಉಂಟು. "ವಾಸನೆ ಬರುವವರೆಗೆ ಇರಲಿ ಮಗಳೇ" ಎಂದೆ. ಸೊಸೆ ಒಂದು ಗಳಿಗೆ ಯೋಚಿಸಿ, ತೊಟ್ಟಿಯ ಮೇಲೊಂದು ಬಟ್ಟೆ ಹೊದಿಸಿ, ಅದರ ಪಕ್ಕದಲ್ಲಿಯೇ ಹಣತೆಗಳನ್ನು ಜೋಡಿಸಿದಳು.

ನವೆಂಬರ್ ಕೊನೆಗೆ ನಾವು ಊರಿಗೆ ಮರಳಿದೆವು. ಗುಂಡ ಇನ್ನೂ ಮರಳಿನೊಳಗೇ ಇತ್ತು. ಡಿಸೆಂಬರ್ 4ರಂದು ನಸುಕಿನಲ್ಲಿ ಫೋನು ಬಂತು. ವಿಡಿಯೋ ಕರೆಯಲ್ಲಿ ಮೊಮ್ಮಗಳ ಮುಖದ ಬದಲು ತೊಟ್ಟಿ ಕಾಣಿಸಿತು. ಐವತ್ತೇಳು ದಿನಗಳ ಬಳಿಕ ಗುಂಡ ಹೊರಗೆ ಬಂದಿತ್ತು. ಎಡಗಡೆಯ ದೊಡ್ಡ ಇಕ್ಕುಳದ ನೇರಳೆ ಬಣ್ಣ ಗಾಢವಾಗಿತ್ತು. ಮುರಿದಿದ್ದ ಕಾಲಿನ ಜಾಗದಲ್ಲಿ ಸ್ವಲ್ಪ ಗಿಡ್ಡದಾದ ಹೊಸ ಕಾಲು ಮೂಡಿತ್ತು. ಫೋನಿನ ಹಿಂದಿನಿಂದ ಸೊಸೆಯ ದನಿ ಕೇಳಿಸಿತು: "ಮಾವ, ಅದು ನೀರು ಕುಡಿಯುತ್ತಿದೆ ನೋಡಿ!"

ಈಗ ಮೊಮ್ಮಗಳ ಪ್ರಶ್ನೆಗೆ ಬರುತ್ತೇನೆ. ಈ ಏಡಿಯ ವಯಸ್ಸನ್ನು ಹೊರಗಿನಿಂದ ಅಳೆಯಲು ಸುಲಭವಾದ ಉಪಾಯವಿಲ್ಲ. ಶಂಖ ಅದರದಲ್ಲ, ಕವಚವನ್ನು ಅದು ಕಳಚಿಬಿಡುತ್ತದೆ. ಆದರೂ ಒಳ್ಳೆಯ ವಾತಾವರಣದಲ್ಲಿ ಹತ್ತು ವರ್ಷಕ್ಕೂ ಮೀರಿ ಸಾಕಿದವರು ಅನೇಕರಿದ್ದಾರೆ. ಮೂವತ್ತು ವರ್ಷ ಬದುಕಬಲ್ಲದು ಎಂಬುದು ಸಾಮಾನ್ಯವಾಗಿ ಹೇಳುವ ಮಾತು. ಫ್ಲಾರಿಡಾದ ಮಹಿಳೆಯೊಬ್ಬರು 1976ರಲ್ಲಿ ತಂದ ಏಡಿಯೊಂದು ಅವರ ಮನೆಯಲ್ಲಿ ನಲವತ್ತು ವರ್ಷಗಳನ್ನೂ ದಾಟಿ ಬದುಕಿತು. ಇದರ ಬಂಧುವಾದ ತೆಂಗಿನ ಏಡಿ ನಮ್ಮ ದೇಶದ ನಿಕೋಬಾರ್ ದ್ವೀಪಗಳಲ್ಲಿದೆ. ಎಳೆಯದಾಗಿದ್ದಾಗ ಶಂಖ ಹೊತ್ತು, ದೊಡ್ಡದಾದ ಮೇಲೆ ಶಂಖ ತೊರೆದು ನಾಲ್ಕು ಕಿಲೋ ತೂಗುವಷ್ಟು ಬೆಳೆಯುವ ಆ ಏಡಿಯೂ ದೀರ್ಘಾಯು. ಇಂಥ ವಂಶದ ಪ್ರಾಣಿ ತಂತಿಯ ಪಂಜರದಲ್ಲಿ ಕೆಲವೇ ತಿಂಗಳು ಬಾಳುತ್ತದೆ. ಅಷ್ಟು ಬೇಗ ಸಾಯುವುದನ್ನೇ ಕಂಡ ಜನ, ಅದರ ಆಯುಷ್ಯವೇ ಅಷ್ಟು ಎಂದುಕೊಂಡಿದ್ದಾರೆ. ಟಿಪ್ಪಣಿ ಪುಸ್ತಕದಲ್ಲಿ ಬರೆಯುವುದಾದರೆ ಎರಡು ಅಂಕಣ ಬೇಕು: ಪ್ರಾಣಿಗೆ ದೇವರು ಕೊಟ್ಟ ಆಯುಷ್ಯ ಒಂದು, ನಮ್ಮ ಕೈಯಲ್ಲಿ ಉಳಿಯುವ ಆಯುಷ್ಯ ಇನ್ನೊಂದು.

ಗುಂಡ ನಮ್ಮ ಮಗನ ಮನೆಗೆ ಬಂದು ಆರು ವರ್ಷ ದಾಟಿತು. ಇವು ಗುಂಪಿನಲ್ಲಿ ಬಾಳುವ ಪ್ರಾಣಿಗಳಾದ್ದರಿಂದ, ಸಾಕಲಾರದೆ ಬಿಟ್ಟುಕೊಡುವವರಿಂದ ಇನ್ನೆರಡನ್ನು ಪಡೆದು ಜೊತೆಗೆ ಬಿಟ್ಟಿದ್ದಾರೆ. ಅಂಗಡಿಯಿಂದ ಹೊಸದನ್ನು ಕೊಳ್ಳುವುದಿಲ್ಲ, ಕೊಂಡರೆ ಅಂಗಡಿಯವರು ಇನ್ನೊಂದನ್ನು ಹಿಡಿದು ತರುತ್ತಾರೆ ಎನ್ನುವುದು ಮೊಮ್ಮಗಳ ನಿಲುವು. ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಯಂತ್ರ ಗಾಳಿಯನ್ನು ಒಣಗಿಸುತ್ತದೆಂದು ಮಗನೇ ಬೆಳಿಗ್ಗೆ ಎದ್ದು ತೊಟ್ಟಿಯ ತೇವಮಾಪಕ ನೋಡುತ್ತಾನಂತೆ. ಎಂಟು ಡಾಲರಿನ ಲೆಕ್ಕವನ್ನು ಅವನು ಮತ್ತೆ ಎತ್ತಿಲ್ಲ.

2028ರಲ್ಲಿ ಮೊಮ್ಮಗಳು ಕಾಲೇಜಿಗೆ ಬೇರೆ ಊರಿಗೆ ಹೋಗುವವಳು. ಕಳೆದ ತಿಂಗಳು ಮಾತನಾಡುವಾಗ, "ಅಜ್ಜ, ನಾನು ಹೋದ ಮೇಲೆ ಗುಂಡನನ್ನು ಯಾರು ನೋಡಿಕೊಳ್ಳಬೇಕು?" ಎಂದಳು. ಮೂವತ್ತು ವರ್ಷವೆಂದು ಹಿಡಿದರೆ ಅದು 2049ರವರೆಗೆ ಇರಬೇಕು. ಆಗ ನನಗೆ ತೊಂಬತ್ತೊಂದು. ನಾನಿರುವುದು ಸಂದೇಹ, ಏಡಿ ಇರುವ ಸಾಧ್ಯತೆ ಉಂಟು. ಇದನ್ನು ಹೇಳಿದಾಗ ಅವಳು ನಗಲಿಲ್ಲ. ಒಂದು ಪುಸ್ತಕ ತಂದು ತೋರಿಸಿದಳು. ಗುಂಡ ಮರಳಿಗಿಳಿದ ದಿನ, ಹೊರಬಂದ ದಿನ, ಶಂಖ ಬದಲಿಸಿದ ದಿನ, ಉಪ್ಪುನೀರು ಬೆರೆಸುವ ಅಳತೆ, ಎಲ್ಲವೂ ಅದರಲ್ಲಿತ್ತು. ಮುಂದೆ ನೋಡಿಕೊಳ್ಳುವವರಿಗೆ ಕೊಡಲಿಕ್ಕಂತೆ. ಬರವಣಿಗೆ ಇಂಗ್ಲಿಷಿನಲ್ಲಿದೆ, ಮೊದಲ ಪುಟದಲ್ಲಿ ಹೆಸರು ಮಾತ್ರ ಕನ್ನಡದಲ್ಲಿದೆ.

ಹೊರದೇಶದಲ್ಲಿರುವ ನನ್ನ ಶಿಷ್ಯರೇ, ನಿಮ್ಮ ಮಕ್ಕಳೂ ಬಣ್ಣದ ಶಂಖ ಕಂಡು ಕೈ ಚಾಚುವ ದಿನ ಬರಬಹುದು. ಬೇಡವೆನ್ನಲು ನಿಮಗೆ ಮನಸ್ಸಾಗದು. ಆಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಏಡಿಯ ನಿಜವಾದ ಆಯುಷ್ಯವನ್ನು ಹೇಳಿ, ಅಷ್ಟು ಕಾಲ ನಡೆಸಿಕೊಡುವವರು ಯಾರೆಂದು ಇಬ್ಬರೂ ಕೂಡಿ ಲೆಕ್ಕಹಾಕಿರಿ. ಈಗಾಗಲೇ ಮನೆಯಲ್ಲಿ ಒಂದು ತಂತಿಯ ಪಂಜರವಿದ್ದರೆ, ದಯವಿಟ್ಟು ಇಂದೇ ಒಂದು ಗಾಜಿನ ತೊಟ್ಟಿ ತನ್ನಿರಿ. ಹೇಗಿದೆಯೆಂದು ನನಗೆ ಬರೆದು ತಿಳಿಸಿರಿ.