ಪೆಕ್ಹಮ್‌ನ ಪೌಂಡು, ಇಬಾದಾನಿನ ಲೆಕ್ಕ

ಪೆಕ್ಹಮ್, ಲಂಡನ್
ಆಗಸ್ಟ್ 2025

ಪ್ರೀತಿಯ ತಮ್ಮನಿಗೆ,

ಮಗಳ ಬಾಣಂತನ ಸುಸೂತ್ರವಾಗಿ ನಡೆದಿದೆ. ಮಗು ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ನಮ್ಮನ್ನು ಕಾವಲು ಕೂರಿಸುತ್ತದೆ. "ಆ ಏರಿಯಾದಲ್ಲಿ ನೈಜೀರಿಯಾದವರೇ ಜಾಸ್ತಿಯಂತೆ, ಸರ ಹಾಕಿಕೊಂಡು ಓಡಾಡಬೇಡ" ಅಂತ ವಾಟ್ಸಾಪಿನಲ್ಲಿ ಬರೆದಿದ್ದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ನಮಗೆ ನೈಜೀರಿಯಾ ಅಂದರೆ ಪತ್ರಿಕೆಯ ಒಳಪುಟದ ಸುದ್ದಿ. ಡ್ರಗ್ಸು, ಬಂಧನ, ಬಾಣಸವಾಡಿ, ಕೊತ್ತನೂರು. ಬೆಂಗಳೂರಿಗೆ ಓದಲು ಬಂದ ಆಫ್ರಿಕಾದ ಹುಡುಗರ ಬಗ್ಗೆ ಬೇರೆ ಸುದ್ದಿಯೇ ಬರುವುದಿಲ್ಲ. 2016ರಲ್ಲಿ ಯಾರೋ ಸೂಡಾನಿನವನು ಮಾಡಿದ ಅಪಘಾತಕ್ಕೆ ತಾಂಜಾನಿಯಾದ ಹುಡುಗಿಯ ಮೇಲೆ ನಮ್ಮ ಜನ ಗುಂಪುಗೂಡಿ ಕೈಮಾಡಿದರಲ್ಲ, ಆ ಕಣ್ಣಿಗೆ ಅವರೆಲ್ಲ ಒಂದೇ. ಇಲ್ಲಿ ಆ ಕಣ್ಣಿಟ್ಟುಕೊಂಡು ಒಂದು ದಿನವೂ ಬದುಕಲಾಗದು. ಬಸ್ಸು ಓಡಿಸುವವರು, ಬಾಣಂತಿಯ ಬಿಪಿ ನೋಡುವವರು, ಪಕ್ಕದ ಮನೆಯವರು ಎಲ್ಲ ಅವರೇ.

ಪೆಕ್ಹಮ್‌ಗೆ 'ಪುಟ್ಟ ಲೇಗೋಸ್' ಅಂತಲೇ ಹೆಸರು. ರೈಲಿಳಿದು ರೈ ಲೇನ್ ಅನ್ನುವ ಬೀದಿಗೆ ಬಂದರೆ ಮೊದಲು ಮೂಗಿಗೆ ಒಣಮೀನು. ಒಂದೇ ಅಂಗಡಿಯೊಳಗೆ ಮುಂದೆ ಮಾಂಸದವನು, ನಡುವೆ ಜಡೆ ಹೆಣೆಯುವ ಹೆಂಗಸರು, ಹಿಂದೆ ಮೊಬೈಲ್ ರಿಪೇರಿ. ಮೊಳದುದ್ದದ ಯಾಮ್ ಗೆಡ್ಡೆ, ಬಾಳೆಕಾಯಿ, ಕೆಂಪು ತಾಳೆಎಣ್ಣೆ, ಗರಿ ಅನ್ನುವ ಮರಗೆಣಸಿನ ರವೆ. ನಾಲ್ಕು ಹೆಜ್ಜೆಗೊಂದು ಹಣ ಕಳಿಸುವ ಕಿಂಡಿ. ಲೇಗೋಸಿಗೆ ಹಡಗಿನಲ್ಲಿ ಪೆಟ್ಟಿಗೆ ಸಾಗಿಸುತ್ತೇವೆ ಅನ್ನುವ ಬೋರ್ಡು.

ನಮ್ಮ ಕೆಳಮನೆಯಲ್ಲಿ ಇಬಾದಾನ್ ಊರಿನ ಯೊರುಬಾ ಸಂಸಾರ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಆಕೆಯ ಹೆಸರು ಬರೆಯುವುದಿಲ್ಲ. ಅವರ ಪೈಕಿಯವರೂ ಆಕೆಯನ್ನು ಹೆಸರಿನಿಂದ ಕರೆಯುವುದಿಲ್ಲ, ಹಿರೀಮಗನ ಹೆಸರು ಹಿಡಿದು 'ಇಂಥವನ ಅಮ್ಮ' ಅನ್ನುವುದೇ ರೂಢಿ. ನನ್ನನ್ನು ಕಂಡ ದಿನದಿಂದಲೇ ಆಕೆ 'ಮಮ್ಮಿ' ಅನ್ನುತ್ತಾಳೆ. ಹುಡುಗ ಎದುರಾದರೆ ನಡು ಬಗ್ಗಿಸಿ ಕೈ ನೆಲದ ಕಡೆ ಚಾಚುತ್ತಾನೆ. ಇಬಾದಾನಿನಲ್ಲಾಗಿದ್ದರೆ ಉದ್ದಂಡ ಮಲಗಬೇಕಿತ್ತಂತೆ. ಲಂಡನ್ನಿನ ಮಳೆಗೆ ಅಷ್ಟು ರಿಯಾಯಿತಿ.

ಊರಿನಲ್ಲಿ ಆಕೆ ಬ್ಯಾಂಕಿನಲ್ಲಿದ್ದವಳು. ಇಲ್ಲಿ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುತ್ತಾಳೆ, ಮಗ್ಗುಲು ಬದಲಿಸುತ್ತಾಳೆ, ಊಟ ಮಾಡಿಸುತ್ತಾಳೆ. 2022ರ ಫೆಬ್ರವರಿಯಲ್ಲಿ ಬ್ರಿಟನ್ ಈ ಕೆಲಸಕ್ಕೂ ವೀಸಾ ಕೊಡಲು ಶುರುಮಾಡಿದ ಮೇಲೆ ನೈಜೀರಿಯಾದಿಂದ, ಜಿಂಬಾಬ್ವೆಯಿಂದ, ನಮ್ಮ ಕೇರಳದಿಂದಲೂ ಸಾವಿರಾರು ಜನ ಬಂದರು. ಊರು ಬಿಟ್ಟು ಹೊರದೇಶಕ್ಕೆ ಹಾರುವುದಕ್ಕೆ ಅವರು 'ಜಾಪಾ' ಅನ್ನುತ್ತಾರೆ. ಅಲ್ಲಿನ ಯಾವ ಮದುವೆಮನೆಯಲ್ಲೂ ಯಾರು ಜಾಪಾ ಮಾಡಿದರು, ಯಾರಿಗೆ ವೀಸಾ ತಪ್ಪಿತು ಅನ್ನುವುದೇ ಮಾತಂತೆ.

ಒಂದು ಶನಿವಾರ ಆಕೆಯ ಜತೆ ಹಣ ಕಳಿಸುವ ಅಂಗಡಿಗೆ ಹೋಗಿದ್ದೆ. ಗಾಜಿನ ಮೇಲೆ ದಿನದ ದರ, ಒಂದು ಪೌಂಡಿಗೆ ಎರಡು ಸಾವಿರ ನೈರಾದ ಆಸುಪಾಸು. ಸಾಲಿನಲ್ಲಿ ನಿಂತೇ ಫೋನು ತೆಗೆದು ಪಟ್ಟಿ ನೋಡಿದಳು. ಅಮ್ಮನ ಬಿಪಿ ಮಾತ್ರೆ. ತಮ್ಮನ ಯೂನಿವರ್ಸಿಟಿ ಫೀಸು. ಅತ್ತೆಯ ಮನೆಬಾಡಿಗೆ, ಅಲ್ಲಿ ವರ್ಷದ ಬಾಡಿಗೆ ಒಟ್ಟಿಗೇ ಎಣಿಸಬೇಕು. ಕರೆಂಟಿಲ್ಲದ ಮನೆಯ ಜನರೇಟರಿಗೆ ಪೆಟ್ರೋಲು. ಚಿಕ್ಕಪ್ಪನ ಮಗನ ಮದುವೆಗೆ ಉಡುಗೊರೆ. ಕೆಳಗಿನಿಂದ ಮೇಲಕ್ಕೆ ಬೆರಳಾಡಿಸಿ ಉಡುಗೊರೆಯನ್ನು ಮುಂದಿನ ತಿಂಗಳಿಗೆ ದೂಡಿದಳು. ಕೌಂಟರಿನ ಹತ್ತಿರ ಬರುವಷ್ಟರಲ್ಲಿ ಫೋನು ಬಡಿದುಕೊಂಡಿತು. ಚಿಕ್ಕಪ್ಪನದೇ. ಅದನ್ನು ಮಗುಚಿ ಚೀಲಕ್ಕೆ ಹಾಕಿದಳು.

ಈ ಎರಡು ಸಾವಿರದ ದರವೇ ಅವಳಿಗೆ ಕುತ್ತಿಗೆಗೆ ಬಂದಿರುವುದು. 2023ರ ಮೇ 29ರಂದು ಅಲ್ಲಿ ಹೊಸ ಅಧ್ಯಕ್ಷ ಟಿನೂಬು ಪ್ರಮಾಣವಚನದ ಭಾಷಣದಲ್ಲೇ ಪೆಟ್ರೋಲ್ ಸಬ್ಸಿಡಿ ತೆಗೆದರು. ಜೂನ್‌ನಲ್ಲಿ ನೈರಾದ ಹಿಡಿತ ಸಡಿಲಿಸಿದರು. ಸರ್ಕಾರಿ ದರದಲ್ಲಿ ಡಾಲರಿಗೆ 460ರ ಸುಮಾರು ಇದ್ದದ್ದು ಮರುವರ್ಷ 1,500 ದಾಟಿತು. ಆಹಾರದ ಬೆಲೆಯೇರಿಕೆ 2024ರ ನಡುವಿಗೆ ನೂರಕ್ಕೆ 40ರ ಮೇಲೆ ಹೋಯಿತು. ಊರಿನವರ ಲೆಕ್ಕದಲ್ಲಿ ಇವಳ ಪೌಂಡು ಮೂರುಪಟ್ಟು ಊದಿಕೊಂಡಿದೆ, ಆದ್ದರಿಂದ ಇವಳು ಮೂರುಪಟ್ಟು ಸಾಹುಕಾರಳು. ಇವಳ ಲೆಕ್ಕದಲ್ಲಿ ಅದೇ ನೂರು ಪೌಂಡಿಗೆ ಅಮ್ಮನ ಮನೆಗೆ ಬರುವ ಅಕ್ಕಿ ಕಡಿಮೆಯಾಗಿದೆ.

ಅವರ ಲೆಕ್ಕ ತಪ್ಪು ಅಂತ ಹೇಳುವುದಾದರೂ ಹೇಗೆ? ಕಳೆದ ವರ್ಷ ನೈಜೀರಿಯಾ ಸರ್ಕಾರ ತಿಂಗಳ ಕನಿಷ್ಠ ಕೂಲಿಯನ್ನು 30,000ದಿಂದ 70,000 ನೈರಾಕ್ಕೆ ಏರಿಸಿತು. ಅಂದರೆ 35 ಪೌಂಡು. ಇಲ್ಲಿನ ಕನಿಷ್ಠ ಕೂಲಿ ಗಂಟೆಗೆ 12 ಪೌಂಡು 21 ಪೆನ್ಸ್. ಅಲ್ಲಿನ ಒಂದು ತಿಂಗಳ ದುಡಿಮೆ ಇಲ್ಲಿನ ಮೂರು ಗಂಟೆ. ಇದನ್ನು ತಿಳಿದ ತಮ್ಮ ಫೀಸು ಕೇಳದೆ ಇರುತ್ತಾನೆಯೇ? ಒಂದು ಕೋಣೆಗೇ ಇಲ್ಲಿ ತಿಂಗಳಿಗೆ ಸಾವಿರ ಪೌಂಡಿನ ಹತ್ತಿರ ಆಗುತ್ತದೆ, ಬಸ್ಸು, ಗ್ಯಾಸು, ಕೌನ್ಸಿಲ್ ತೆರಿಗೆ ಬೇರೆ ಅನ್ನುವುದು ಆ ಲೆಕ್ಕದೊಳಗೆ ಬರುವುದಿಲ್ಲ. ಇವಳೂ ಬಿಡಿಸಿ ಹೇಳುವುದಿಲ್ಲ. ಹೇಳಿದರೆ ಹೋದವಳು ಸೋತಳು ಅಂದುಕೊಳ್ಳುತ್ತಾರೆ, ಇಲ್ಲವೇ ಜಿಪುಣತನಕ್ಕೆ ನೆಪ ಹುಡುಕುತ್ತಾಳೆ ಅಂದುಕೊಳ್ಳುತ್ತಾರೆ.

ಇದಕ್ಕೆ ಇಲ್ಲಿನ ಯುವಕರು 'ಬ್ಲ್ಯಾಕ್ ಟ್ಯಾಕ್ಸ್' ಅನ್ನುತ್ತಾರೆ, ಕರಿಯರ ಪಾಲಿನ ಕಂದಾಯ. ಆ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಇವಳ ವೀಸಾಕ್ಕೆ, ಟಿಕೆಟ್ಟಿಗೆ, ನಡುವಿನ ಏಜೆಂಟನ ಹೊಟ್ಟೆಗೆ ದುಡ್ಡು ಹೊಂದಿಸಿದ್ದು ಯಾರು? ಅಮ್ಮ ಒಂದು ನಿವೇಶನ ಮಾರಿದರು. ಚಿಕ್ಕಪ್ಪ ಸಂಘದಲ್ಲಿ ಸಾಲ ಎತ್ತಿಕೊಟ್ಟ. ಅಲ್ಲಿ ಹೆಚ್ಚಿನವರಿಗೆ ಪಿಂಚಣಿಯೂ ಇಲ್ಲ, ಆರೋಗ್ಯ ವಿಮೆಯೂ ಇಲ್ಲ. ಎಷ್ಟೋ ಆಸ್ಪತ್ರೆಗಳಲ್ಲಿ ಮುಂಗಡ ಕಟ್ಟಿದ ಮೇಲೇ ಚಿಕಿತ್ಸೆ. ಹೊರಗೆ ಹೋದ ಮಗಳೇ ಪಿಂಚಣಿ, ಅವಳೇ ವಿಮೆ. ವಿಶ್ವಬ್ಯಾಂಕಿನ ಲೆಕ್ಕದಲ್ಲಿ ಹೀಗೆ ನೈಜೀರಿಯಾಕ್ಕೆ ಹೋಗುವ ಹಣ ವರ್ಷಕ್ಕೆ ಸುಮಾರು 2,000 ಕೋಟಿ ಡಾಲರ್. ಸರ್ಕಾರ ಮಾಡಬೇಕಾದ ಕೆಲಸವನ್ನು ರಾತ್ರಿಪಾಳಿಯ ಹೆಂಗಸರು ಮಾಡುತ್ತಿದ್ದಾರೆ. ಬೈಯುವುದಾದರೆ ಚಿಕ್ಕಪ್ಪನನ್ನಲ್ಲ, ಆ ಸರ್ಕಾರವನ್ನು ಬೈಯಬೇಕು.

ಕೈಗೆ ಇಡಿಗಂಟು ಬರಬೇಕಾದರೆ ಅವರಿಗೆ 'ಅಜೋ' ಇದೆ. ನಮ್ಮ ಚೀಟಿಯ ಹಾಗೆಯೇ, ಕೂಗುವುದು ಮಾತ್ರ ಇಲ್ಲ. ಸರದಿಯ ಪ್ರಕಾರ ಒಬ್ಬೊಬ್ಬರಿಗೆ ಪೂರ್ತಿ ಮೊತ್ತ. ಚರ್ಚಿನ ಹೆಂಗಸರೇ ನಡೆಸುತ್ತಾರೆ, ಕಾಗದಪತ್ರ ಏನೂ ಇಲ್ಲ. ತನ್ನ ಸರದಿ ಬಂದಾಗ ಮಕ್ಕಳ ವೀಸಾ ಶುಲ್ಕ ಕಟ್ಟುವ ಯೋಚನೆ ಅವಳದು. ವೀಸಾ ಅಂದರೆ ಬರೀ ವೀಸಾ ಅಲ್ಲ. ಬೇರೆ ಕೆಲಸದ ವೀಸಾದಲ್ಲಿ ಬಂದವರು ಆಸ್ಪತ್ರೆ ಸೌಲಭ್ಯಕ್ಕೆ ಅಂತಲೇ ದೊಡ್ಡವರಾದರೆ ತಲೆಗೆ ವರ್ಷಕ್ಕೆ 1,035 ಪೌಂಡು ಮೊದಲೇ ಕಟ್ಟಬೇಕು, ನಮ್ಮ ಅಳಿಯನೂ ಕಟ್ಟಿದ್ದಾನೆ. ಆರೈಕೆಯ ಕೆಲಸದವರಿಗೆ ಅದೊಂದು ಮಾಫಿ.

ಅದರ ಬದಲು ಅವರ ಮೇಲೆ ಬೇರೆ ಕತ್ತಿ ತೂಗುತ್ತದೆ. ವೀಸಾ ಇರುವುದು ಮಾಲೀಕನ ಕೈಯಲ್ಲಿ. ಅವನ ಪರವಾನಗಿ ರದ್ದಾದರೆ ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಬ್ಬ ಮಾಲೀಕನನ್ನು ಹುಡುಕಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಹೀಗಾಗಿ ಪಾಳಿ ಜಾಸ್ತಿ ಹಾಕಿದರೂ ಬಾಯಿ ಬಿಡುವುದಿಲ್ಲ. 2024ರ ಮಾರ್ಚ್ 11ರಿಂದ ಈ ಕೆಲಸಕ್ಕೆ ಬರುವವರು ಗಂಡ, ಹೆಂಡತಿ, ಮಕ್ಕಳನ್ನು ಕರೆತರುವಂತಿಲ್ಲ. ಇವಳು ಅದಕ್ಕೆ ಮುಂಚೆ ಬಂದವಳು, ಬಚಾವಾದಳು. ಇವಳ ಜತೆಯವಳೊಬ್ಬಳು ಆಮೇಲೆ ಬಂದದ್ದು. ಅವಳ ಮೂರು ವರ್ಷದ ಮಗಳು ಅಜ್ಜಿಯನ್ನು ಅಮ್ಮ ಅನ್ನುತ್ತಾಳೆ, ಫೋನಿನಲ್ಲಿ ಕಾಣುವವಳನ್ನು ಆಂಟಿ ಅನ್ನುತ್ತಾಳೆ. ಕಳೆದ ತಿಂಗಳು ಹೊರದೇಶದಿಂದ ಆರೈಕೆಯವರನ್ನು ಕರೆಸುವ ದಾರಿಯನ್ನೇ ಮುಚ್ಚಿದರು. ಐದು ವರ್ಷಕ್ಕೆ ಸಿಗುತ್ತಿದ್ದ ಕಾಯಂ ವಾಸವನ್ನು ಹತ್ತಕ್ಕೆ ಏರಿಸುವ ಪ್ರಸ್ತಾಪ ಮೇ ತಿಂಗಳಿನಿಂದ ನೇತಾಡುತ್ತಿದೆ.

ಗಂಡನ ಕಥೆ ಕೇಳು. ಆತ ಸಿವಿಲ್ ಇಂಜಿನಿಯರು, ಇಲ್ಲಿ ರಾತ್ರಿ ಸೆಕ್ಯುರಿಟಿ ಗಾರ್ಡು. ವೀಸಾ ಹೆಂಡತಿಯ ಹೆಸರಿನಲ್ಲಿದೆ, ಅವನು ಅವಳ ಅವಲಂಬಿತ. ಈ ಒಂದು ಪದ ಎಷ್ಟು ಮನೆ ಮುರಿದಿದೆಯೋ ಅನ್ನುತ್ತಾಳೆ ಆಕೆ. ಊರಿನಲ್ಲಿ ಯಜಮಾನನಾಗಿದ್ದವನು ಇಲ್ಲಿ ಮಕ್ಕಳಿಗೆ ತಿಂಡಿ ಮಾಡಿ ಸ್ಕೂಲಿಗೆ ಬಿಡಬೇಕು, ಯಾಕೆಂದರೆ ಹೆಂಡತಿಯ ಪಾಳಿ ಬೆಳಿಗ್ಗೆ ಏಳಕ್ಕೆ. ಈತ ಪರವಾಗಿಲ್ಲ, ಜೊಲಾಫ್ ಅನ್ನ ಚೆನ್ನಾಗಿಯೇ ಮಾಡುತ್ತಾನೆ, ನಮಗೂ ಡಬ್ಬಿ ಬರುತ್ತದೆ. ಆದರೆ ಅವನ ಅಮ್ಮ ವೀಡಿಯೊ ಕರೆ ಮಾಡಿದಳೆಂದರೆ ಏಪ್ರನ್ ಬಿಚ್ಚಿ, ಸೌಟು ಕೆಳಗಿಟ್ಟು, ಫೋನನ್ನು ಗೋಡೆಯ ಕಡೆ ತಿರುಗಿಸಿಕೊಂಡು ಹಾಲಿನ ಸೋಫಾದಲ್ಲಿ ಕೂರುತ್ತಾನೆ. ಅಷ್ಟು ಹೊತ್ತು ಒಲೆಯ ಮುಂದೆ ಹೆಂಡತಿ ನಿಲ್ಲುತ್ತಾಳೆ, ಪಾಳಿ ಮುಗಿಸಿ ಬಂದಿದ್ದರೂ. ಇಂಥದ್ದೇ ಲಂಡನ್ನಿನ ಬದುಕನ್ನು ನೈಜೀರಿಯಾದ ಲೇಖಕಿ ಬುಚಿ ಎಮೆಚೆಟಾ 1974ರಲ್ಲಿ 'ಸೆಕೆಂಡ್ ಕ್ಲಾಸ್ ಸಿಟಿಜನ್' ಕಾದಂಬರಿಯಲ್ಲಿ ಬರೆದಿದ್ದಾಳೆ, ಲೈಬ್ರರಿಯಲ್ಲಿ ಸಿಕ್ಕಿತು. ಆಕೆಯ ಗಂಡ ಅವಳ ಹಸ್ತಪ್ರತಿಯನ್ನೇ ಸುಟ್ಟವನು. ಅದಕ್ಕೆ ಹೋಲಿಸಿದರೆ ಸೌಟು ಮುಚ್ಚಿಡುವವನು ದೇವರಂಥವನು ಅನ್ನಬೇಕೋ ಏನೋ.

ಮೊನ್ನೆ ಅವರ ಪೈಕಿಯ ಒಬ್ಬರ ಐವತ್ತರ ಹುಟ್ಟುಹಬ್ಬಕ್ಕೆ ನನ್ನನ್ನೂ ಕರೆದೊಯ್ದರು. ಇಂಥ ಪಾರ್ಟಿಗಳಿಗೆ 'ಓವಾಂಬೆ' ಅನ್ನುತ್ತಾರೆ. ಬಂಧುಬಳಗವೆಲ್ಲ ಒಂದೇ ಬಟ್ಟೆಯಲ್ಲಿ ಬರಬೇಕು, ಅದು 'ಅಸೋ ಎಬಿ'. ಬಟ್ಟೆಯನ್ನು ಪಾರ್ಟಿಯವರೇ ಮಾರುತ್ತಾರೆ, ದರ ಅವರದೇ, ಬೇಡ ಅಂದರೆ ಸಂಬಂಧ ಬೇಡ ಅಂದ ಹಾಗೆ. ಹೊಲಿಗೆ ಬೇರೆ, ತಲೆಗೆ 'ಗೆಲೆ' ಅನ್ನುವ ರುಮಾಲು ಕಟ್ಟಿಸುವುದಕ್ಕೆ ಬೇರೆ. ಹಾಡು ಏರಿದಾಗ ಕುಣಿಯುವವರ ಹಣೆಗೆ ನೋಟು ಅಂಟಿಸುವುದುಂಟು. ಇಂಗ್ಲೆಂಡಿನಲ್ಲಿ ಐದು ಪೌಂಡಿಗಿಂತ ಸಣ್ಣ ನೋಟಿಲ್ಲವಲ್ಲ, ಅದಕ್ಕೇ ಒಂದು ಡಾಲರಿನ ನೋಟಿನ ಕಟ್ಟು ಹಿಡಿದು ಬಂದಿದ್ದರು! ನೈಜೀರಿಯಾದಲ್ಲಿ ಹೀಗೆ ನೋಟು ಎರಚುವುದು ಅಪರಾಧ. ಬಾಬ್ರಿಸ್ಕಿ ಅನ್ನುವ ಸೋಷಿಯಲ್ ಮೀಡಿಯಾ ತಾರೆಗೆ 2024ರ ಏಪ್ರಿಲ್‌ನಲ್ಲಿ ಆರು ತಿಂಗಳ ಸಜೆ ಆಯಿತು.

ಕುಣಿತ ಬಲು ಸೊಗಸು, ನಾನೂ ಕೈ ಆಡಿಸಿದೆ. ಆದರೆ ಪಾರ್ಟಿ ಮುಗಿಯುವ ಮೊದಲೇ ವೀಡಿಯೊ ಇಬಾದಾನ್ ತಲುಪಿತ್ತು. ಬೆಳಿಗ್ಗೆ ಚಿಕ್ಕಪ್ಪನ ಸಂದೇಶ: ಹಣೆಗೆ ಡಾಲರ್ ಅಂಟಿಸುವವಳಿಗೆ ಮದುವೆ ಉಡುಗೊರೆಗೆ ಕಷ್ಟವೇ? ಅವಳು ಅಂಟಿಸಿದ್ದು ಹತ್ತೇ ನೋಟು, ನಾನೇ ನೋಡಿದ್ದೇನೆ. ಮುಖ ಉಳಿಸಿಕೊಳ್ಳಲು ಹೋಗಿ ಮೈಮೇಲೆ ಎಳೆದುಕೊಳ್ಳುವುದು ಅಂದರೆ ಇದೇ. ಈ ವಿಷಯದಲ್ಲಿ ಅವಳ ಪರ ವಹಿಸಲಾರೆ. ಆ ಬಟ್ಟೆಗೆ ಸುರಿದ ದುಡ್ಡಿನಲ್ಲಿ ಉಡುಗೊರೆ ಮುಗಿದು ಮಿಗುತ್ತಿತ್ತು.

ಮಕ್ಕಳದು ಇನ್ನೊಂದು ಬಗೆ. ಹದಿಮೂರರ ಹುಡುಗ ಅಜ್ಜಿಯ ಯೊರುಬಾಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಅಪ್ಪ ಎರಡೇಟು ಹಾಕೋಣ ಅಂದರೆ, ಸ್ಕೂಲಿಗೆ ಗೊತ್ತಾಗಿ ಕೌನ್ಸಿಲಿನವರು ಮನೆಗೆ ಬಂದಾರು ಅನ್ನುವ ಹೆದರಿಕೆ. ಕೈ ಎತ್ತದಿರುವುದೇ ಒಳ್ಳೆಯದು ಬಿಡು, ಮೇಷ್ಟ್ರಾಗಿದ್ದವಳು ಹೇಳುತ್ತಿದ್ದೇನೆ. ಉಳಿದಿರುವುದು ಒಂದೇ ಬೆದರಿಕೆ, "ಊರಿನ ಬೋರ್ಡಿಂಗ್ ಸ್ಕೂಲಿಗೆ ಹಾಕುತ್ತೇನೆ". ಬೆದರಿಕೆಯಷ್ಟೇ ಅಲ್ಲ, ಹಾಗೆ ಕಳಿಸಿಬಿಡುವವರೂ ಇದ್ದಾರೆ. ಅವರ ಭಯಕ್ಕೆ ಕಾರಣ ಈ ಬೀದಿಗಳಲ್ಲೇ ಇದೆ. 2000ದ ನವೆಂಬರ್ 27ರಂದು ದಾಮಿಲೋಲಾ ಟೇಲರ್ ಎಂಬ ಹತ್ತು ವರ್ಷದ ಹುಡುಗ ಪೆಕ್ಹಮ್ ಲೈಬ್ರರಿಯಿಂದ ಮನೆಗೆ ಹೋಗುವಾಗ ಗಾಯಗೊಂಡು ಮೆಟ್ಟಿಲ ಮೇಲೆ ರಕ್ತ ಸುರಿದು ಸತ್ತ. ಲೇಗೋಸಿನಿಂದ ಬಂದು ಕೆಲವೇ ತಿಂಗಳಾಗಿತ್ತು, ಅಕ್ಕನ ಮೂರ್ಛೆರೋಗಕ್ಕೆ ಚಿಕಿತ್ಸೆ ಕೊಡಿಸಲೆಂದು ಬಂದಿದ್ದರು. ಕೊಂದವರೂ ಹುಡುಗರೇ. ಕಾಲು ಶತಮಾನವಾದರೂ ಈ ಬೀದಿಯ ತಾಯಂದಿರು ಆ ಹೆಸರನ್ನು ಮರೆತಿಲ್ಲ. ಇದೇ ಪೆಕ್ಹಮ್‌ನಲ್ಲಿ ಬೆಳೆದ ಜಾನ್ ಬೊಯೇಗಾ 'ಸ್ಟಾರ್ ವಾರ್ಸ್' ಸಿನಿಮಾದ ನಟನಾದದ್ದನ್ನೂ ಅದೇ ಉಸಿರಿನಲ್ಲಿ ಹೇಳುತ್ತಾರೆ. ಮಗ ಇಬ್ಬರಲ್ಲಿ ಯಾರಂತಾಗುತ್ತಾನೋ ಅನ್ನುವ ಚಿಂತೆ.

ಇಷ್ಟುದ್ದ ಬರೆದದ್ದರ ಹಿಂದೆ ನನ್ನ ಸ್ವಾರ್ಥವೂ ಇದೆ, ಮುಚ್ಚಿಡುವುದಿಲ್ಲ. ದುಬೈಯಲ್ಲಿರುವ ನಿನ್ನ ಮಗ ಮೊನ್ನೆ ನನಗೆ ಫೋನು ಮಾಡಿದ್ದ. ಮೇಲಂತಸ್ತಿನ ಸ್ಲ್ಯಾಬಿಗೆ ನೀನು ಕೇಳಿದ ಹಣ ಈ ತಿಂಗಳು ಹೊಂದಿಸಲಾಗಲಿಲ್ಲ, ಅಪ್ಪನಿಗೆ ಹೇಗೆ ಹೇಳಲಿ ಅತ್ತೆ ಅಂದ. ನಿನ್ನನ್ನು ದೂರುವ ದನಿಯಲ್ಲಿ ಹೇಳಲಿಲ್ಲ. ಹೋಗುವಾಗ ನೀನು ತೆಂಗಿನ ತೋಟ ಅಡವಿಟ್ಟದ್ದು ಅವನಿಗೆ ನೆನಪಿದೆ, ನನಗೂ ನೆನಪಿದೆ. ಈ ಭಾನುವಾರ ಅವನ ಜತೆ ಮಾತಾಡುವಾಗ ಸಂಬಳವೆಷ್ಟು, ಬಾಡಿಗೆಯೆಷ್ಟು, ಕೈಯಲ್ಲಿ ಉಳಿಯುವುದೆಷ್ಟು ಅಂತ ನೀನೇ ಕೇಳು, ಅವನಾಗಿ ಬಾಯಿ ಬಿಡುವುದಿಲ್ಲ. ಸ್ಲ್ಯಾಬು ಮುಂದಿನ ಮಳೆಗಾಲ ಕಳೆದ ಮೇಲೆ ಹಾಕಿದರಾಯಿತು.

ನಿನ್ನ ಅಕ್ಕ