ಅಪರಿಚಿತನೆಲ್ಲ ವಂಚಕನಲ್ಲ

ತಪ್ಪನ್ನು ಹುಡುಕುವುದು ಒಂದು ಕೆಲಸ. ಮನುಷ್ಯನೊಬ್ಬನನ್ನು ತಪ್ಪಿತಸ್ಥನೆಂದು ಕರೆಯುವುದು ಬೇರೆಯೇ ಕೆಲಸ. ಮೊದಲನೆಯದನ್ನು ಯಂತ್ರಕ್ಕೆ ಒಪ್ಪಿಸಬಹುದು. ಎರಡನೆಯದನ್ನೂ ಅದಕ್ಕೇ ಬಿಟ್ಟರೆ ಏನಾಗುತ್ತದೆಂಬುದನ್ನು ನಾನು ಅರಿತದ್ದು, ಹಿರಿಯರು ಹಗುರವಾಗಿ ಕಾಣುವ ಗಣಕಯಂತ್ರದ ಆಟಗಳಿಂದ.

ನಾನು ಆ ಆಟಗಳನ್ನು ಆಡುವವನಲ್ಲ. ನನ್ನ ತಂಗಿಯ ಮಗ ಆಡುತ್ತಾನೆ. ಅವನ ಗಣಕಯಂತ್ರದಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ವ್ಯವಸ್ಥೆ ಅದು. ಒಂದು ದಿನ ಅವನ ಆಟದ ಖಾತೆ ರದ್ದಾಯಿತು. ಮೋಸದ ತಂತ್ರಾಂಶ ಬಳಸಿದ್ದೀರಿ ಎಂಬ ಒಂದೇ ಸಾಲಿನ ಕಾರಣ. ಯಾವ ತಂತ್ರಾಂಶ, ಯಾವ ದಿನ ಎಂದು ವಿನಯದಿಂದ ಬರೆದು ಕೇಳಿದರೆ, ನಿರ್ಣಯವು ಅಂತಿಮ ಎಂಬ ಸಿದ್ಧ ಉತ್ತರ ಬಂದಿತು. "ಆಟ ಹೋದರೆ ಹೋಗಲಿ ಮಾವ, ಜೊತೆಗೆ ಆಡುತ್ತಿದ್ದವರು ನನ್ನನ್ನು ಏನೆಂದುಕೊಂಡಾರು?" ಎಂದನವನು.

ಈ ಸಂಕಟ ಅವನೊಬ್ಬನದಲ್ಲ. 2006ರ ನವೆಂಬರಿನಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟವನ್ನು ಲಿನಕ್ಸ್‌ನಲ್ಲಿ ಆಡುತ್ತಿದ್ದ ಕೆಲವರ ಖಾತೆಗಳನ್ನು ಅಮೆರಿಕದ ಬ್ಲಿಜರ್ಡ್ ಸಂಸ್ಥೆ ಮುಚ್ಚಿತು. ಮರುಪರಿಶೀಲಿಸಿ ಮತ್ತೆ ತೆರೆಯಿತು. 2018ರ ಸೆಪ್ಟೆಂಬರಿನಲ್ಲಿ 'ಓವರ್‌ವಾಚ್' ಆಟದ ಬಗ್ಗೆ ಅಂಥದೇ ದೂರು ಎದ್ದಾಗ, ಲಿನಕ್ಸ್‌ನಲ್ಲಿ ಆಡುವುದು ನಿಷೇಧಕ್ಕೆ ಕಾರಣವಾಗದೆಂದು ಅದೇ ಸಂಸ್ಥೆ ಸ್ಪಷ್ಟಪಡಿಸಬೇಕಾಯಿತು.

ಹೀಗೇಕಾಗುತ್ತದೆ? ವಿಂಡೋಸ್‌ಗಾಗಿ ರಚಿಸಿದ ಆಟ ಲಿನಕ್ಸ್‌ನಲ್ಲಿ ನಡೆಯಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. 1993ರಲ್ಲಿ ಆರಂಭವಾದ 'ವೈನ್' ಅಂಥ ದುಭಾಷಿ. ಅದರೊಡನೆ ಬಳಸುವ 'ಡಿಎಕ್ಸ್‌ವಿಕೆ', ತೆರೆಯ ಮೇಲೆ ಚಿತ್ರ ಮೂಡಿಸುವ ಆಜ್ಞೆಗಳನ್ನು ಭಾಷಾಂತರಿಸುತ್ತದೆ. ಇದಕ್ಕಾಗಿ ವಿಂಡೋಸ್‌ನ ಕಡತಗಳು ಇರಬೇಕಾದ ಜಾಗದಲ್ಲಿ ಇವು ತಮ್ಮ ಕಡತಗಳನ್ನು ಇರಿಸುತ್ತವೆ. ಗೋಡೆಯಾಚೆ ಅಡಗಿದ ಎದುರಾಳಿಯನ್ನು ಕದ್ದು ನೋಡಬಯಸುವ ವಂಚಕನೂ ಕೆಲವೊಮ್ಮೆ ಅಂಥ ಕಡತಗಳನ್ನೇ ಬದಲಿಸುತ್ತಾನೆ. ಕಾವಲಿನ ತಂತ್ರಾಂಶಕ್ಕೆ ಕಾಣುವುದು ಬದಲಾವಣೆ ಮಾತ್ರ. ಅದರ ಹಿಂದಿನ ಉದ್ದೇಶ ಕಾಣದು.

ಸಂಸ್ಥೆಗಳ ಕಷ್ಟವೂ ಸುಳ್ಳಲ್ಲ. ಒಬ್ಬ ವಂಚಕನಿಂದ ಅನೇಕ ಪ್ರಾಮಾಣಿಕರ ಆಟ ಕೆಡುತ್ತದೆ. 2024ರ ಅಕ್ಟೋಬರ್ 31ರಂದು ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು 'ಏಪೆಕ್ಸ್ ಲೆಜೆಂಡ್ಸ್' ಆಟಕ್ಕೆ ಲಿನಕ್ಸ್‌ನಿಂದ ಇನ್ನು ಪ್ರವೇಶವಿಲ್ಲವೆಂದು ಘೋಷಿಸಿತು. ಆ ವ್ಯವಸ್ಥೆಯ ಮುಕ್ತತೆಯೇ ವಂಚಕರಿಗೆ ಅನುಕೂಲವಾಗಿದೆಯೆಂಬುದು ಅದು ಕೊಟ್ಟ ಕಾರಣ. ನಿರಪರಾಧಿಗಳೂ ಹೊರಗುಳಿದರು. ಆದರೂ ಆ ಘೋಷಣೆಯಲ್ಲಿ ಒಂದು ನೇರತನವಿದೆ. ಬಾಗಿಲಲ್ಲೇ ನಿಲ್ಲಿಸಿ 'ಒಳಗೆ ಬರಬೇಡಿ' ಎನ್ನುವುದು ನಿರಾಕರಣೆ. ಒಳಗೆ ಬಂದು ಕುಳಿತವನನ್ನು 'ನೀನು ಕಳ್ಳ' ಎನ್ನುವುದು ಆರೋಪ. ನಿರಾಕರಣೆಗೆ ಕಾರಣವೊಂದು ಸಾಕು. ಆರೋಪಕ್ಕೆ ಸಾಕ್ಷ್ಯ ಬೇಕು. ಆರೋಪಿತನ ಮಾತನ್ನು ಕೇಳುವ ಕಿವಿಯೂ ಬೇಕು.

ದುಭಾಷಿಯನ್ನು ಕಳ್ಳನಿಂದ ಬೇರ್ಪಡಿಸಿ ಗುರುತಿಸಲು ಸಾಧ್ಯವೇ ಇಲ್ಲವೆನ್ನುವಂತಿಲ್ಲ. ಆಟಗಳ ಕಾವಲು ಕಾಯುವ 'ಈಸಿ ಆಂಟಿ-ಚೀಟ್' ತಂತ್ರಾಂಶವು ವೈನ್ ಮೂಲಕ ಆಡುವವರಿಗೂ ಅನುವು ಮಾಡಿಕೊಡುವುದೆಂದು 2021ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಆದರೆ ಆ ಅನುವನ್ನು ಬಳಸಿಕೊಳ್ಳಬೇಕೆ ಬೇಡವೆ ಎಂಬುದು ಆಟದ ತಯಾರಕರ ಇಚ್ಛೆಗೆ ಬಿಟ್ಟದ್ದು. ಅಂದರೆ ಕೊರತೆಯಿರುವುದು ಯಂತ್ರದ ಶಕ್ತಿಯಲ್ಲಿ ಮಾತ್ರವಲ್ಲ, ಯಂತ್ರವನ್ನಿಟ್ಟವರ ಮನಸ್ಸಿನಲ್ಲಿಯೂ.

ಇಂದು ಬ್ಯಾಂಕಿನ ವ್ಯವಹಾರದ ಮೇಲೂ, ಮನೆಯಲ್ಲೇ ಕುಳಿತು ಬರೆಯುವ ಪರೀಕ್ಷೆಯ ಮೇಲೂ ಇಂಥ ಯಂತ್ರಗಳ ಕಣ್ಣಿದೆ. ಹತ್ತು ಮಂದಿ ನಡೆಯುವ ದಾರಿಯನ್ನು ಬಿಟ್ಟು ನಡೆದವನೆಲ್ಲ ಅವಕ್ಕೆ ಸಂಶಯಾಸ್ಪದ. ಯಂತ್ರ ಸಂಶಯಪಡಲಿ, ಅದು ಅದರ ಕೆಲಸ. ಆ ಸಂಶಯವು ತೀರ್ಪಾಗುವ ಮೊದಲು, ಕಳಂಕ ಹೊತ್ತವನು ಬರೆದ ಪತ್ರವನ್ನು ಒಬ್ಬ ಮನುಷ್ಯ ಓದಲಿ. ಇಷ್ಟನ್ನು ಕೇಳುವ ಹಕ್ಕು ಆಟವಾಡುವ ಹುಡುಗನಿಗೂ ಇದೆ.