ಚಳ್ಳಕೆರೆ ಸೀಮೆಯ ಹಿತ್ತಿಲ ವಸಂತ

ವಸಂತವೆಂದೊಡನೆ ಕೋಗಿಲೆಯ ದನಿಯನ್ನೂ ಮಾವಿನ ಚಿಗುರನ್ನೂ ನೆನೆಯುವವರು ಫಾಲ್ಗುಣ ಮಾಸದಲ್ಲಿ ಚಿತ್ರದುರ್ಗದಿಂದ ಚಳ್ಳಕೆರೆಯ ಕಡೆಗೆ ಹೊರಟರೆ ಮೊದಮೊದಲು ನಿರಾಶೆಗೊಳ್ಳುವುದು ಸಹಜ. ಸುಮಾರು 30 ಕಿಲೋಮೀಟರುಗಳ ಆ ದಾರಿಯ ಇಕ್ಕೆಲಗಳಲ್ಲಿ ಶೇಂಗಾ ಕಿತ್ತ ಹೊಲಗಳು ಬಿಸಿಲಿಗೆ ಬರಿದಾಗಿ ಬಿದ್ದಿರುತ್ತವೆ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಆದರೆ ಕಣ್ಣು ಆ ಬಯಲಿಗೆ ಒಗ್ಗಿಕೊಂಡ ಮೇಲೆ ಹೊಂಗೆಯ ಎಳೆಹಸಿರು, ಬೇವಿನ ಹೂವು, ಹಣ್ಣಿನ ಭಾರಕ್ಕೆ ಬಾಗಿದ ಹುಣಸೆಯ ಕೊಂಬೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಈ ಸೀಮೆಯ ವಸಂತವು ಹೊಲದಲ್ಲಿರುವುದಕ್ಕಿಂತ ಹಿತ್ತಿಲಲ್ಲಿ ಹೆಚ್ಚಾಗಿರುತ್ತದೆಂಬುದನ್ನು ನಾವು ಅರಿತದ್ದು ಈ ಸಲದ ಪ್ರವಾಸದಲ್ಲಿಯೇ.

ಚಳ್ಳಕೆರೆಯಿಂದ ಒಂದಿಷ್ಟು ಒಳಗಿರುವ ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮನವರ ಮನೆಯಿದೆ. ಯುಗಾದಿಗೆ ಎರಡು ವಾರಗಳಿರುವಾಗ ನಮ್ಮ ಮನೆಯವರೊಂದಿಗೆ ಅಲ್ಲಿಗೆ ಹೋಗಿ, ಹಬ್ಬ ಮುಗಿಸಿಕೊಂಡೇ ಮರಳಿದೆವು. ದೊಡ್ಡಮ್ಮನವರಿಗೆ ಎಪ್ಪತ್ತು ದಾಟಿದೆ. ಕಣ್ಣು ಚುರುಕು, ಮಾತು ಅದಕ್ಕಿಂತ ಚುರುಕು. ಕಾಲಿಗೆ ನೀರು ಕೊಟ್ಟವರೇ, "ಮೊದಲು ಒಳಗೆ ಬಂದು ನಮ್ಮನೆ ಹೊಸ ಕೂಸನ್ನ ನೋಡ್ರಪ್ಪ" ಎಂದರು. ಯಾರ ಮನೆಯ ಕೂಸೋ ಎಂದುಕೊಂಡು ಹೋದರೆ, ಪಡಸಾಲೆಯ ಮೂಲೆಯಲ್ಲಿ ಬೋರಲು ಹಾಕಿದ್ದ ಬಿದಿರುಬುಟ್ಟಿಯನ್ನು ಎತ್ತಿ ತೋರಿಸಿದರು. ಹರಕು ಕಂಬಳಿಯ ಮೇಲೆ ಇದ್ದಿಲಿನಷ್ಟು ಕಪ್ಪಾದ ಒಂದು ಕುರಿಮರಿ ನಾಲ್ಕೂ ಕಾಲುಗಳನ್ನು ನಾಲ್ಕು ದಿಕ್ಕಿಗೆ ಊರಿಕೊಂಡು ನಮ್ಮನ್ನೇ ನೋಡುತ್ತಿತ್ತು.

ಮರಿಯ ತಾಯಿ ಈದ ಮೂರನೆಯ ದಿನ ಸತ್ತಿತ್ತು. ಅದು ಪಕ್ಕದ ಕೇರಿಯ ಕುರಿಗಾಹಿಯ ಹಿಂಡಿನ ಕುರಿ. ಗಿಣ್ಣು ಹಾಲು ಹೊಟ್ಟೆಗೆ ಬಿದ್ದಿದ್ದರಿಂದ ಮರಿ ಉಳಿದುಕೊಂಡಿತೆಂದು ದೊಡ್ಡಮ್ಮ ಹೇಳಿದರು. ಬೇರೊಂದು ಕುರಿಯ ಹಾಲನ್ನು ಮರಿಯ ಮೈಗೆ ಸವರಿ, ವಾಸನೆಯಿಂದ ತನ್ನದೆಂದು ನಂಬಲೆಂದು ಬಿಟ್ಟರೂ ಅದು ಹಾಯ್ದು ದೂಡಿತಂತೆ. ಕರೆಯುವ ಹಸು ಇರುವ ಮನೆಯೆಂದು ಕುರಿಗಾಹಿ ಅದನ್ನು ಟವೆಲಿನಲ್ಲಿ ಸುತ್ತಿ ತಂದು ಇವರ ಮಡಿಲಿಗೆ ಹಾಕಿದ್ದ.

ಮರಿಗೆ ಹಾಲು ಕುಡಿಸುವ ಕೆಲಸ ಎರಡನೆಯ ದಿನದಿಂದ ನಮ್ಮ ಪಾಲಿಗೆ ಬಂತು. ಇದು ಸುಲಭವೆಂದು ತಿಳಿದಿದ್ದೆವು. ಎಳೆಗೂಸಿನಂತೆ ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು ಬಾಟಲಿ ಹಿಡಿಯಲು ಹೋದಾಗ ದೊಡ್ಡಮ್ಮ ಗದರಿಸಿಯೇ ಬಿಟ್ಟರು. ಹಾಗೆ ಮಾಡಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ಮರಿ ಸಾಯುತ್ತದೆ. ಅದನ್ನು ತನ್ನ ಕಾಲ ಮೇಲೆಯೇ ನಿಲ್ಲಿಸಿ, ತಾಯಿಯ ಕೆಚ್ಚಲಿಗೆ ಕುತ್ತಿಗೆ ಚಾಚುವ ಹಾಗೆ ತಲೆ ಮೇಲೆತ್ತಿ ಕುಡಿಯಲು ಬಿಡಬೇಕು. ಹಾಲು ಮೊಣಕೈಗೆ ಹಿತವೆನಿಸುವಷ್ಟು ಬೆಚ್ಚಗಿರಬೇಕು. ಒಮ್ಮೆಲೇ ಹೊಟ್ಟೆ ತುಂಬಿಸದೆ ದಿನಕ್ಕೆ ನಾಲ್ಕೈದು ಸಲ ಕೊಡಬೇಕು. ಕುರಿಯ ಹಾಲಿನಲ್ಲಿ ಕೊಬ್ಬಿನ ಅಂಶ ಹಸುವಿನ ಹಾಲಿನದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ; ಆದುದರಿಂದ ಹಸುವಿನ ಹಾಲಿಗೆ ನೀರು ಬೆರೆಸುವಂತಿಲ್ಲ. ಕುಡಿಯುವಾಗ ಅದರ ಬಾಲ ಅಲುಗುವ ವೇಗವನ್ನು ಕಂಡೇ ನಂಬಬೇಕು. ಹಾಲು ಮುಗಿದ ಮೇಲೂ ನಮ್ಮ ಪಂಚೆಯ ಅಂಚನ್ನು ಚೀಪುತ್ತಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಅದರ ಕೂಗಿಗೆ ಎದ್ದು ಹಾಲು ಬೆಚ್ಚಗೆ ಮಾಡುವಾಗ, ನಗರದಲ್ಲಿ ಆರೂವರೆಗೂ ಏಳದ ನಾವೇ ಇವರು ಎಂದು ನಮ್ಮ ಮನೆಯವರು ನಗುತ್ತಿದ್ದರು.

ದೊಡ್ಡಮ್ಮನವರಿಗೂ ಕುರಿಗಾಹಿಗೂ ಇರುವುದು ಹಳೆಯ ಬಳಕೆ. ಶೇಂಗಾ ಕಿತ್ತ ಮೇಲೆ ಅವನ ಹಿಂಡು ಕೆಲವು ರಾತ್ರಿ ಇವರ ಹೊಲದಲ್ಲಿ ತಂಗುತ್ತದೆ. ಹಿಕ್ಕೆಯೂ ಗಂಜಲವೂ ಹೊಲಕ್ಕೆ. ಅದಕ್ಕೆ ಪ್ರತಿಯಾಗಿ ಕಾಳು, ಒಂದಿಷ್ಟು ಹಣ ಅವನಿಗೆ. ಹಗಲು ಮೇಯಲು ಹಿಂದೆ ದೊಡ್ಡ ಕಾವಲುಗಳಿದ್ದವು. ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳಿಗೆಂದು ಮೀಸಲಾಗಿದ್ದ ಆ ಹುಲ್ಲುಗಾವಲುಗಳಲ್ಲಿ ಸುತ್ತಲ ಹಳ್ಳಿಗಳ ಕುರಿಗಳೂ ಮೇಯುತ್ತಿದ್ದವು. ದೊಡ್ಡ ಉಳ್ಳಾರ್ತಿ, ಕುದಾಪುರದ ಕಡೆಯ ಕಾವಲುಗಳಲ್ಲಿ 2007ರಿಂದೀಚೆಗೆ ಸುಮಾರು 10 ಸಾವಿರ ಎಕರೆಯಷ್ಟು ಭೂಮಿ ವಿಜ್ಞಾನ, ಅಣುಶಕ್ತಿ, ಬಾಹ್ಯಾಕಾಶ, ರಕ್ಷಣಾ ಸಂಶೋಧನೆಯ ಸಂಸ್ಥೆಗಳಿಗೆ ಹಂಚಿಕೆಯಾಗಿದೆ. ದೇಶಕ್ಕೆ ಅವೂ ಬೇಕಾದವೇ. ಕುರಿಗಳ ದಾರಿ ಮಾತ್ರ ಉದ್ದವಾಯಿತು.

ಅಲ್ಲಿದ್ದ ದಿನಗಳಲ್ಲಿಯೇ ಹಿಂಡಿನ ಉಣ್ಣೆ ಕತ್ತರಿಸುವುದನ್ನೂ ಕಂಡೆವು. ಇದು ವರ್ಷಕ್ಕೆ ಎರಡು ಸಲ ನಡೆಯುವ ಕೆಲಸ. ದೊಡ್ಡ ಕತ್ತರಿಯ ಬಾಯಿಗೆ ಚರ್ಮ ಸಿಕ್ಕದಂತೆ ಕಪ್ಪು ಉಣ್ಣೆ ಹಾಳೆಹಾಳೆಯಾಗಿ ಬಿಚ್ಚಿಕೊಳ್ಳುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ದಖನಿ ಕುರಿಯೊಂದರಿಂದ ವರ್ಷಕ್ಕೆ ಸಿಗುವುದು ಅರ್ಧ ಕಿಲೋ ಆಸುಪಾಸಿನ ಉಣ್ಣೆ. ಒಂದು ಒಳ್ಳೆಯ ಕಂಬಳಿಗೆ ಐದಾರು ಕುರಿಗಳ ವರ್ಷದ ಉಣ್ಣೆ ಬೇಕು. ಅದನ್ನು ಹಿಂಜಿ, ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ನೂಲಿನ ಹಾಸನ್ನು ಬೀದಿಯ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆಬೀಜವನ್ನು ನೆನೆಸಿ ಅರೆದು ಕುದಿಸಿದ ಸರಿಯನ್ನು ಹಚ್ಚಿ ಬಿಸಿಲಿಗೆ ಒಣಗಿಸುತ್ತಾರೆ. ಆಮೇಲೆ ಗುಂಡಿಮಗ್ಗಕ್ಕೆ. ಮಳೆಗಾಲದಲ್ಲಿ ಸರಿ ಒಣಗದಾದ್ದರಿಂದ ಇದು ಬೇಸಗೆಯ ಕಸುಬು. ಹುಣಸೆ ಬಡಿಯುವ ಕಾಲವೂ ಇದೇ ಆದ್ದರಿಂದ, ದೊಡ್ಡಮ್ಮನವರ ಅಂಗಳದಲ್ಲಿ ಹಣ್ಣು ಬಿಡಿಸಿದ ಮೇಲೆ ಉಳಿದ ಬೀಜವೆಲ್ಲ ಮಗ್ಗದ ಮನೆಗೆ ಹೋಗುತ್ತದೆ. ಬಣ್ಣ ಹಾಕುವ ಗೊಡವೆ ಇಲ್ಲ. ಕುರಿಯ ಕಪ್ಪೇ ಕಂಬಳಿಯ ಕಪ್ಪು. ನಮ್ಮ ಮನೆಗಳಲ್ಲಿ ಶುಭಕಾರ್ಯಕ್ಕೆ ಗದ್ದುಗೆಯಾಗಿ ಹಾಸುವ ಕರಿಕಂಬಳಿ ಎಷ್ಟು ಕೈಗಳನ್ನು ದಾಟಿ ಬಂದಿರುತ್ತದೆಂದು ನಾವು ಎಂದಾದರೂ ಎಣಿಸಿದ್ದುಂಟೆ?

ಮಧ್ಯಾಹ್ನದ ಹೊತ್ತು ದೊಡ್ಡಮ್ಮ ಹೆಣಿಗೆಗೆ ಕೂರುತ್ತಾರೆ. ಬಾಲ್ಯದಲ್ಲಿ ಸೈಕಲ್ಲಿನ ಕಡ್ಡಿಗಳನ್ನು ಕಲ್ಲಿಗೆ ಉಜ್ಜಿ ಚೂಪುಮಾಡಿ ಹೆಣೆಯುವುದನ್ನು ಕಲಿತವರು ಅವರು. ಮೊಮ್ಮಕ್ಕಳು ಪಟ್ಟಣದಿಂದ ಒಳ್ಳೆಯ ಕಡ್ಡಿಗಳನ್ನು ತಂದುಕೊಟ್ಟಿದ್ದರೂ ಕುಲಾವಿಯ ಅಂಚಿಗೆ ಇಂದಿಗೂ ಸೈಕಲ್ ಕಡ್ಡಿಯೇ ಆಗಬೇಕು. ಅಂಗಡಿಯಲ್ಲಿ 'ಉಲ್ಲನ್' ಎಂದು ಮಾರುವ ಬಣ್ಣಬಣ್ಣದ ಉಂಡೆಗಳಲ್ಲಿ ಬಹುಪಾಲು ಅಕ್ರಿಲಿಕ್ ನೂಲು. ಅದರಲ್ಲಿ ಕುರಿಯ ಒಂದು ಕೂದಲೂ ಇರುವುದಿಲ್ಲ. ಇದು ತಿಳಿದ ಮೇಲೆ ಅವರಿಗೆ ಹಟ ಹುಟ್ಟಿತು. ಕುರಿಗಾಹಿಯ ಹೆಂಡತಿಯಿಂದ ಮರಿಗಳ ಮೊದಲ ಕತ್ತರಿಯ ಉಣ್ಣೆಯನ್ನು ನೂಲಿಸಿ, ಎರಡೆಳೆ ಸೇರಿಸಿ ಹುರಿಮಾಡಿಕೊಂಡು ಹೆಣೆದು ನೋಡಿದರು. ಮರಿಯ ಉಣ್ಣೆ ಹಿಂಡಿನಲ್ಲೆಲ್ಲ ಮೃದುವಾದದ್ದು. ಆದರೂ ದಖನಿ ಉಣ್ಣೆ ಒರಟೇ. ಮೊದಲು ಹೆಣೆದ ಟೊಪ್ಪಿಗೆಯನ್ನು ಮೊಮ್ಮಗ ಹಣೆ ಚುಚ್ಚುತ್ತದೆಂದು ಕಿತ್ತೆಸೆದನಂತೆ. ಅದನ್ನು ಬಿಚ್ಚಿ, ಅದೇ ನೂಲಿನಲ್ಲಿ ಪೂಜೆಗೆ ಕುಳಿತುಕೊಳ್ಳುವ ಆಸನ ಹೆಣೆದರು. ಅದು ನೆಲದ ತಂಪನ್ನು ತಡೆಯುತ್ತದೆ, ಮಡಚಿದರೆ ಕೈಚೀಲಕ್ಕೆ ಹಿಡಿಯುತ್ತದೆ. ನಮ್ಮ ಮನೆಯವರು ಅವರ ಮುಂದೆ ಕುಳಿತು ಒಂದು ಆಸನವನ್ನು ಆರಂಭಿಸಿ, ಹನ್ನೆರಡು ದಿನಗಳಲ್ಲಿ ಅರ್ಧದಷ್ಟು ಮುಗಿಸಿದರು. ನಡುವೆ ಎರಡು ಕಡೆ ಮನೆ ತಪ್ಪಿದ್ದು ನಮಗೆ ಕಂಡಿತು, ಹೇಳಲಿಲ್ಲ.

ಹಿತ್ತಿಲಿನ ವಿಚಾರದಲ್ಲಿ ಮಾತ್ರ ನಾವು ತಪ್ಪಿತಸ್ಥರಾಗಿ ನಿಲ್ಲಬೇಕಾಯಿತು. ಬಚ್ಚಲ ನೀರು ಹರಿಯುವ ಕಾಲುವೆಯ ಪಕ್ಕ ಎರಡು ಬಾಳೆ, ಒಂದು ಕರಿಬೇವು, ಹಂದರಕ್ಕೆ ಹಬ್ಬಿದ ಹೀರೆ; ಬೇಲಿಗೆ ನುಗ್ಗೆ; ಮಡಿಗಳಲ್ಲಿ ದಂಟು, ಮೆಂತ್ಯ; ಪೂಜೆಗೆ ಕಣಗಿಲೆ, ದುಂಡುಮಲ್ಲಿಗೆ. ಇಷ್ಟು ಕಡಿಮೆ ನೀರಿನಲ್ಲಿ ಇಷ್ಟೊಂದು ಹಸಿರು ಹೇಗೆಂದು ಕೇಳಿದಾಗ ದೊಡ್ಡಮ್ಮ ಗಿಡವೊಂದರ ಬುಡವನ್ನು ಕೆದಕಿ ತೋರಿಸಿದರು. ನೂಲಲು ಬಾರದ ಕೊಳೆ ಉಣ್ಣೆಯನ್ನು ಬುಡದ ಸುತ್ತ ಹಾಸಿ ಮಣ್ಣು ಮುಚ್ಚಿದ್ದರು. ಕೆಳಗೆ ಮಣ್ಣು ಇನ್ನೂ ತೇವವಾಗಿತ್ತು. ಕುರಿಯ ಗೊಬ್ಬರವನ್ನು ಹಸಿಯಾಗಿ ಹಾಕಿದರೆ ಗಿಡ ಸುಡುತ್ತದೆಂದು ಕಳಿಸಿಯೇ ಹಾಕುತ್ತಾರೆ. ಹಿಕ್ಕೆಯನ್ನು ಅವರು ಬರಿಗೈಯಿಂದ ಆರಿಸುವುದನ್ನು ಕಂಡು ನಮ್ಮ ಮನೆಯವರು ಮುಖ ಕಿವುಚಿದಾಗ, "ಗೊಲ್ಲಾಳಯ್ಯನಿಗೆ ಇದೇ ಲಿಂಗವಾಗಿತ್ತಮ್ಮಾ" ಎಂದರು. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಪೂಜಿಸಿದ ಕುರಿಗಾಹಿ ಶರಣ ವೀರಗೊಲ್ಲಾಳನ ಕಥೆಯನ್ನು ನಮ್ಮ ಓದುಗರಿಗೆ ಮತ್ತೆ ಹೇಳಬೇಕಾಗಿಲ್ಲ.

ಯುಗಾದಿಯ ಹಿಂದಿನ ದಿನ ಹೂ ಬಿಡಿಸಿಕೊಂಡು ಬಂದ ನಾವು ಹಿತ್ತಿಲ ಬಾಗಿಲನ್ನು ಹಾಕುವುದನ್ನು ಮರೆತೆವು. ಅರ್ಧ ಗಂಟೆಯಲ್ಲಿ ಮರಿ ಮೆಂತ್ಯದ ಒಂದು ಮಡಿಯನ್ನು ಪೂರ್ತಿ ನುಣ್ಣಗೆ ಮಾಡಿ, ಚೆಂಡುಹೂವಿನ ಸಸಿಗಳ ತಲೆಗಳನ್ನೂ ಕಚ್ಚಿ ಹಾಕಿತ್ತು. ನಮಗೆ ಮುಖ ತೋರಿಸಲು ನಾಚಿಕೆ. ದೊಡ್ಡಮ್ಮ ಮಾತ್ರ ಮರಿಯ ಬಾಯಿಯನ್ನು ಬಿಡಿಸಿ ನೋಡಿ, "ಸೊಪ್ಪು ತಿನ್ನೋದು ಕಲೀತು, ಇನ್ನು ಬದುಕುತ್ತೆ" ಎಂದರು.

ಬದುಕಿದ ಮೇಲೆ ಏನು ಎಂಬುದೇ ಯಾರೂ ಬಾಯಿಬಿಟ್ಟು ಆಡದ ಮಾತಾಗಿತ್ತು. ಅದು ಟಗರುಮರಿ. ಹೆಣ್ಣಾಗಿದ್ದರೆ ಹಿಂಡಿನಲ್ಲಿ ಉಳಿಯುತ್ತಿತ್ತು. ಗಂಡುಮರಿಗಳು ಕೆಲವೇ ತಿಂಗಳಲ್ಲಿ ಸಂತೆಗೆ ಹೋಗುತ್ತವೆ, ಸಂತೆಯಿಂದ ಎಲ್ಲಿಗೆಂಬುದು ಎಲ್ಲರಿಗೂ ಗೊತ್ತು. ಕುರಿಗಾಹಿಯನ್ನು ದೂರುವುದಕ್ಕೆ ನಮಗೆ ಬಾಯಿಲ್ಲ. ಅವನ ಸಂಸಾರ ನಡೆಯುವುದೇ ಅದರಿಂದ. ಉಣ್ಣೆಯಿಂದ ಬಂದ ಹಣ ಕತ್ತರಿಸುವವರ ಕೂಲಿಗೂ ಸಾಲದೆಂದು ಅವನೇ ಹೇಳಿದ್ದ. ಈ ಕಾರಣಕ್ಕಾಗಿ ಅನೇಕರು ಉಣ್ಣೆಯಿಲ್ಲದ ತಳಿಗಳ ಟಗರುಗಳನ್ನು ತಂದು ಬಿತ್ತನೆಗೆ ಬಿಡುತ್ತಿದ್ದಾರೆ. ಮರಿಗಳು ಬೇಗ ತೂಕಕ್ಕೆ ಬರುತ್ತವೆ. ಮೈಮೇಲೆ ಕಂಬಳಿಗಾಗುವ ಕೂದಲು ಇರುವುದಿಲ್ಲ.

ಹಬ್ಬದ ಮಾರನೆಯ ದಿನ ಕುರಿಗಾಹಿ ಬಂದ. ಬೇವುಬೆಲ್ಲ, ಹೋಳಿಗೆ ಕೊಟ್ಟು ಕೂರಿಸಿ ದೊಡ್ಡಮ್ಮ ನೇರವಾಗಿ ಕೇಳಿದರು: "ಇದನ್ನ ಮಾರಬೇಡಪ್ಪ. ಬಿತ್ತನೆ ಟಗರಿಗೆ ಇಟ್ಕೊ. ಬೆಲೆ ನಾನೇ ಕೊಡ್ತೀನಿ."

"ಬೆಲೆ ಮಾತಲ್ಲ ಅಮ್ಮಾ" ಎಂದ ಅವನು. "ಇದೇ ಹಿಂಡಲ್ಲಿ ಹುಟ್ಟಿದ್ದು ಇದೇ ಹಿಂಡಿಗೆ ಆಗಲ್ಲ. ಬೇರೆ ಹಟ್ಟಿಯವರಿಗೆ ಕೊಟ್ಟು ಅವರದೊಂದು ಮರಿ ತರಬೇಕು. ಕರೇ ಉಣ್ಣೆ ಟಗರು ಬೇಕು ಅನ್ನೋರು ಯಾರಿದ್ದಾರೆ ಈಗ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಮರಿಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡ. ಬೆರಳುಗಳಿಂದ ಬೆನ್ನಿನ ಉಣ್ಣೆಯನ್ನು ಚರ್ಮ ಕಾಣುವವರೆಗೆ ಎರಡು ಮೂರು ಕಡೆ ಬಿಡಿಸಿ ನೋಡಿದ. ಹಣೆಯ ಮೇಲೆ ಕೋಡು ಮೂಡುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದ. "ಉಣ್ಣೆ ದಟ್ಟ ಐತೆ" ಎಂದಷ್ಟೇ ಹೇಳಿದ. ನಮ್ಮಣ್ಣನ ಹಟ್ಟಿಯಲ್ಲಿ ಕೇಳಿ ನೋಡುತ್ತೇನೆ, ಮುಂಗಾರಿನವರೆಗೆ ಇಲ್ಲೇ ಇರಲಿ ಎಂದು ಎದ್ದ. ದೊಡ್ಡಮ್ಮ ಅವನ ಹೆಂಡತಿಗೆಂದು ಹೋಳಿಗೆಯನ್ನೂ, ನೂಲಲು ಹಿಂಜಿಟ್ಟ ಉಣ್ಣೆಯ ಗಂಟನ್ನೂ ಅವನ ಕೈಗೆ ಕೊಟ್ಟು ಕಳಿಸಿದರು. ಆ ಸಂಜೆ ಬಸ್ಸು ಹತ್ತುವ ಮುನ್ನ ಕೊನೆಯ ಸಲ ನಾವೇ ಮರಿಗೆ ಹಾಲು ಕುಡಿಸಿದೆವು. ಹಿತ್ತಿಲ ಬಾಗಿಲು ಹಾಕಿದೆಯೇ ಎಂದು ಎರಡು ಸಲ ನೋಡಿ ಬಂದೆವು.